ಆಗಸ್ಟ್ 3ರ ಭಾನುವಾರ, ಮೈಸೂರಿನಿಂದ ಕೊಡಗಿಗೆ: ಒಂದೇ ದಿನದಲ್ಲಿ ಏನೇನು ನೋಡಬಹುದು?

ಹೂಟಗಳ್ಳಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಆಗಸ್ಟ್ 3ರ ಭಾನುವಾರ ಬೆಳಿಗ್ಗೆ ಮೈಸೂರು ಬಿಟ್ಟು ಕೊಡಗು ನೋಡಿಕೊಂಡು ಅದೇ ರಾತ್ರಿ ಮನೆ ಸೇರಬೇಕೆಂದಿದ್ದೇವೆ. ನಾನು, ನಮ್ಮ ಯಜಮಾನರು, ಒಂಬತ್ತನೆಯ ತರಗತಿಯ ಮಗ, ಮೂರನೆಯ ತರಗತಿಯ ಮಗಳು, ಜೊತೆಗೆ ನನ್ನ ತಂದೆ. ತಂದೆಯವರಿಗೆ ಎಪ್ಪತ್ಮೂರು. ಹೋದ ವರ್ಷ ಬಲ ಮಂಡಿಗೆ ಶಸ್ತ್ರಚಿಕಿತ್ಸೆ ಆಗಿದೆ. ಸಮತಟ್ಟು ನೆಲದಲ್ಲಿ ನನಗಿಂತ ಜೋರಾಗಿ ನಡೆಯುತ್ತಾರೆ, ಮೆಟ್ಟಿಲು ಇಳಿಯುವಾಗ ಮಾತ್ರ ಒಬ್ಬರು ಕೈ ಹಿಡಿಯಬೇಕು. ಕಾರು ನಮ್ಮದೇ. ಯಜಮಾನರಿಗೆ ಬೆಟ್ಟದ ರಸ್ತೆಯ ಅಭ್ಯಾಸ ಅಷ್ಟಾಗಿ ಇಲ್ಲ.

ಮಕ್ಕಳೂ ನಾನೂ ಕೂತು ಮಾಡಿದ ಪಟ್ಟಿ ಇದು: ಗೋಲ್ಡನ್ ಟೆಂಪಲ್, ದುಬಾರೆ ಆನೆ ಶಿಬಿರ, ಅಬ್ಬಿ ಜಲಪಾತ, ಮಾಂದಲಪಟ್ಟಿ, ತಲಕಾವೇರಿ, ಇರ್ಪು ಜಲಪಾತ, ಕೊನೆಗೆ ರಾಜಾಸೀಟಿನಲ್ಲಿ ಸೂರ್ಯಾಸ್ತ. ಯಾವ ಕ್ರಮದಲ್ಲಿ ಹೋದರೆ ಸಮಯ ಉಳಿಯುತ್ತದೆ? ಮಾಂದಲಪಟ್ಟಿಯ ಜೀಪಿನಲ್ಲಿ ತಂದೆಯವರು ಕೂರಬಹುದೇ? ಮಗನಿಗೆ ರಾಫ್ಟಿಂಗ್ ಆಸೆಯೂ ಇದೆ. ಮಧ್ಯಾಹ್ನದ ಊಟಕ್ಕೆ ಎಲ್ಲಿರಬೇಕು ಎಂಬುದನ್ನೂ ತಿಳಿಸಿದರೆ ಉಪಕಾರ.

ಹಳೇ ಸ್ಟೇರಿಂಗ್, ನಾಪೋಕ್ಲು:

ಅಮ್ಮಾ, ಈ ಪಟ್ಟಿಯನ್ನು ಹೀಗೇ ಹಿಡಿದು ಹೊರಟರೆ ನಿಮ್ಮ ಯಜಮಾನರು ಕೊಡಗಿನಲ್ಲಿ ನೋಡುವುದು ಮುಂದಿನ ಕಾರಿನ ಕೆಂಪು ದೀಪವನ್ನು ಮಾತ್ರ. ಮಡಿಕೇರಿಯಿಂದ ಭಾಗಮಂಡಲಕ್ಕೆ, ವಿರಾಜಪೇಟೆಗೆ ನಿವೃತ್ತಿಯ ದಿನದವರೆಗೂ ಬಸ್ಸು ಓಡಿಸಿದವನು ನಾನು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಕೊಡಗಿಗೆ ಒಂದು ದಿನಕ್ಕೆ ಬರುವವರು ಜಾಗಗಳನ್ನು ಆರಿಸಬಾರದು, ರಸ್ತೆಯನ್ನು ಆರಿಸಬೇಕು. ಒಂದು ದಿನಕ್ಕೆ ಒಂದು ರಸ್ತೆ. ಆ ರಸ್ತೆಯಲ್ಲಿ ಸಿಕ್ಕಿದ್ದು ನಿಮ್ಮದು, ಸಿಗದದ್ದು ಮುಂದಿನ ಸಲಕ್ಕೆ.

ನೀವು ಬರೆದಿರುವುದು ನಾಲ್ಕು ದಿಕ್ಕಿನ ಊರುಗಳು. ತಲಕಾವೇರಿ ಪಶ್ಚಿಮದ ತುದಿ. ಇರ್ಪು ದಕ್ಷಿಣದ ತುದಿ, ಕುಟ್ಟದ ಹತ್ತಿರ, ಅಲ್ಲಿಂದ ಮುಂದೆ ಕೇರಳ. ಮಾಂದಲಪಟ್ಟಿ ಮಡಿಕೇರಿಯಿಂದ ಉತ್ತರಕ್ಕೆ. ಗೋಲ್ಡನ್ ಟೆಂಪಲ್ ಪೂರ್ವಕ್ಕೆ, ಅದೂ ಕೊಡಗಿನಲ್ಲಿ ಅಲ್ಲವೇ ಅಲ್ಲ; ಬೈಲುಕುಪ್ಪೆ ಪಿರಿಯಾಪಟ್ಟಣ ತಾಲ್ಲೂಕು, ಅಂದರೆ ನಿಮ್ಮದೇ ಜಿಲ್ಲೆ. ಕೊಪ್ಪ ಕಳೆದು ಕಾವೇರಿ ಸೇತುವೆ ದಾಟಿದ ಮೇಲೆ ನಮ್ಮ ನೆಲ. ಮೊಬೈಲ್ ನಕ್ಷೆ ತೋರಿಸುವ ಹೊತ್ತನ್ನು ಆಗಸ್ಟ್ ತಿಂಗಳಲ್ಲಿ ನಂಬಬೇಡಿ. ಮಡಿಕೇರಿಯಿಂದ ಭಾಗಮಂಡಲ ನಲವತ್ತು ಕಿಲೋಮೀಟರಿಗೆ ತುಸು ಕಡಿಮೆ. ಮೈಸೂರಿನವರ ಲೆಕ್ಕದಲ್ಲಿ ಅದು ಮುಕ್ಕಾಲು ಗಂಟೆ. ಮಂಜು ಇಳಿದು, ರಸ್ತೆಗೆ ಒಂದು ಸಿಲ್ವರ್ ಮರ ಬಿದ್ದಿದ್ದರೆ ಎಷ್ಟು ಹೊತ್ತೆಂದು ಆ ಮರ ಕತ್ತರಿಸುವವರನ್ನೇ ಕೇಳಬೇಕು.

ಈಗ ಒಂದೊಂದಾಗಿ. ಮಾಂದಲಪಟ್ಟಿ ಬಿಡಿ. ಮಳೆ ಬಿಟ್ಟ ಕಾಲದಲ್ಲಿ ಅದು ಎರಡು ಕಣ್ಣು ಸಾಲದ ಹುಲ್ಲುಗಾವಲು. ಕಕ್ಕಡ ಮಾಸದಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡಗಿನ ಮಳೆ ತಿಂಗಳಲ್ಲಿ, ಅಲ್ಲಿ ನಿಮ್ಮ ಅಂಗೈ ನಿಮಗೆ ಕಂಡರೆ ಪುಣ್ಯ. ಜೀಪು ಹೋಗುವ ಕೊನೆಯ ಭಾಗ ರಸ್ತೆಯಲ್ಲ, ಕಲ್ಲಿನ ರಾಶಿ. ಆರೋಗ್ಯವಂತನ ಸೊಂಟವೇ ಅಲ್ಲಿ ಕಳಚಿಕೊಳ್ಳುತ್ತದೆ, ಶಸ್ತ್ರಚಿಕಿತ್ಸೆ ಆದ ಮಂಡಿಯವರು ಅದರ ಹತ್ತಿರವೂ ಹೋಗಬಾರದು. ರಾಜಾಸೀಟಿನ ಸೂರ್ಯಾಸ್ತ ಕೇಳಿದ್ದೀರಿ. ಆಗಸ್ಟ್‌ನಲ್ಲಿ ನಮಗೇ ಸೂರ್ಯ ಕಂಡು ವಾರಗಳಾಗಿರುತ್ತವೆ, ನಿಮಗೆ ತೋರಿಸಲು ಎಲ್ಲಿಂದ ತರೋಣ?

ಅಬ್ಬಿ ಈಗ ನಿಜವಾಗಿಯೂ ಅಬ್ಬರದಲ್ಲಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಮಡಿಕೇರಿಯಿಂದ ಎಂಟು ಕಿಲೋಮೀಟರ್ ಅಷ್ಟೇ. ಆದರೆ ರಸ್ತೆ ಕಿರಿದು, ಭಾನುವಾರ ಹನ್ನೊಂದರ ಮೇಲೆ ಎರಡೂ ಕಡೆಯ ಕಾರು ಮುಖಾಮುಖಿಯಾಗಿ ನಿಂತು ಯಾರು ಹಿಂದೆ ಸರಿಯಬೇಕೆಂದು ವಾದ ನಡೆಯುತ್ತಿರುತ್ತದೆ. ಕಾಫಿ, ಮೆಣಸಿನ ಬಳ್ಳಿಯ ತೋಟದ ನಡುವೆ ಮೆಟ್ಟಿಲು ಇಳಿದು ಹೋಗಬೇಕು, ಅಷ್ಟನ್ನೂ ಮತ್ತೆ ಹತ್ತಬೇಕು, ಎಲ್ಲವೂ ಒದ್ದೆ. ತಂದೆಯವರನ್ನು ಮೇಲೆ ಕಾರಿನಲ್ಲಿ ಕೂರಿಸಿ ನೀವು ನೋಡಿ ಬರುವುದಾದರೆ ಅವರನ್ನು ಕರೆತಂದು ಏನು ಬಂತು?

ನಿಮಗೆ ನಾನು ಹೇಳುವುದು ಕುಶಾಲನಗರದ ರಸ್ತೆ. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ ದಾಟಿ ತೊಂಬತ್ತು ಕಿಲೋಮೀಟರಿನ ಆಸುಪಾಸು, ಘಾಟಿ ಇಲ್ಲ, ಯಜಮಾನರಿಗೂ ಸಲೀಸು. ಬೆಳಿಗ್ಗೆ ಮೊದಲು ದುಬಾರೆ, ಏಕೆಂದರೆ ಆನೆಗಳ ಸ್ನಾನ ಬೆಳಗಿನ ಹೊತ್ತಿನದು. ಶಿಬಿರ ಇರುವುದು ನದಿಯ ಆಚೆ, ದೋಣಿಯಲ್ಲಿ ದಾಟಬೇಕು; ಹೊಳೆ ಏರಿದ್ದರೆ ದೋಣಿ ಬಿಡುವುದಿಲ್ಲ. ಹಾಗಾದಾಗ ಈಚೆ ದಡದಲ್ಲಿ ನಿಂತು ನೋಡುವುದೇ. ಕಾವೇರಿ ಆ ಕಾಲದಲ್ಲಿ ಕೆಂಪು ಮಣ್ಣಿನ ಬಣ್ಣದಲ್ಲಿ ತಿರುಗಿಕೊಂಡು ಹೋಗುವುದನ್ನು ನೋಡುವುದೂ ಒಂದು ನೋಟವೇ. ಅಲ್ಲಿಂದ ಚಿಕ್ಲಿಹೊಳೆ ಜಲಾಶಯ ಹತ್ತಿರ. ಸಣ್ಣ ಅಣೆಕಟ್ಟು, ಆದರೆ ತುಂಬಿದಾಗ ನೀರು ಅರ್ಧಚಂದ್ರಾಕಾರದ ಗೋಡೆಯ ಸುತ್ತಲೂ ಒಂದೇ ಸಮನೆ ಒಳಕ್ಕೆ ಧುಮುಕುತ್ತದೆ. ನನ್ನ ಮಟ್ಟಿಗೆ ಅಬ್ಬಿಗಿಂತ ಅದು ಮೇಲು, ಜನರೂ ಕಡಿಮೆ. ನೀರಿನ ಅಂಚಿಗೆ ಮಕ್ಕಳನ್ನು ಬಿಡಬೇಡಿ, ಪಾಚಿ ಹಿಡಿದಿರುತ್ತದೆ. ಮಧ್ಯಾಹ್ನದ ಮೇಲೆ ಹಾರಂಗಿ. ಅಣೆಕಟ್ಟಿನ ನೀರು ಹೊರಬಿಡುವ ಕ್ರೆಸ್ಟ್ ಗೇಟ್ ತೆರೆದಿದ್ದರೆ ನಿಮ್ಮ ಮಗಳು ಅಲ್ಲಿಂದ ಕದಲುವುದಿಲ್ಲ. ಹಿಂದಿರುಗುವಾಗ ದಾರಿಯಲ್ಲೇ ಬೈಲುಕುಪ್ಪೆ, ಸಂಜೆ ಆರಕ್ಕೆ ಮುನ್ನ ಅಲ್ಲಿರಿ. ನೀವು ಗೋಲ್ಡನ್ ಟೆಂಪಲ್ ಎನ್ನುವ ನಾಮ್‌ಡ್ರೋಲಿಂಗ್ ಬೌದ್ಧ ಮಠದ ಆವರಣ ಸಮತಟ್ಟು, ತಂದೆಯವರು ಎಷ್ಟು ಬೇಕಾದರೂ ನಡೆಯಬಹುದು. ಒಳಗಿನ ಮೂರು ಚಿನ್ನದ ಬಣ್ಣದ ಪ್ರತಿಮೆಗಳ ಮುಂದೆ ನೆಲದ ಮೇಲೆ ಕೂತು ಸುಮ್ಮನಿದ್ದರೆ ಯಾರೂ ಏಳಿ ಎನ್ನುವುದಿಲ್ಲ.

ಇನ್ನು, ಬರಬೇಕೋ ಬೇಡವೋ ಎಂಬುದನ್ನು ಹವಾಮಾನದ ಆ್ಯಪ್ ನೋಡಿ ತೀರ್ಮಾನಿಸಬೇಡಿ. ಶನಿವಾರ ಕೊಡಗಿನ ಶಾಲೆಗಳಿಗೆ ಜಿಲ್ಲಾಧಿಕಾರಿಗಳು ರಜೆ ಕೊಟ್ಟಿದ್ದಾರೆಯೇ ಎಂದು ನೋಡಿ. ಕೊಟ್ಟಿದ್ದರೆ ಮನೆಯಲ್ಲೇ ಬಜ್ಜಿ ಕರಿದುಕೊಂಡು ತಿನ್ನಿ. ನಮ್ಮ ಮಕ್ಕಳು ಶಾಲೆಗೆ ಹೋಗಲಾಗದ ಮಳೆಯಲ್ಲಿ ನಿಮ್ಮ ಮಕ್ಕಳು ಪ್ರವಾಸ ಬರುವುದು ಯಾವ ನ್ಯಾಯ? 2018ರ ಆಗಸ್ಟ್‌ನಲ್ಲಿ ಬೆಟ್ಟಗಳೇ ಜಾರಿ ಊರುಗಳ ಮೇಲೆ ಬಂದದ್ದನ್ನು ಕಣ್ಣಾರೆ ಕಂಡವರು ನಾವು.

ಊಟ ಕುಶಾಲನಗರದಲ್ಲೇ ಮುಗಿಸಿ. ಅಕ್ಕಿರೊಟ್ಟಿ, ಕಡಂಬುಟ್ಟು (ಅಕ್ಕಿತರಿಯ ಉಂಡೆ), ಪಂದಿಕರಿ (ಹಂದಿಮಾಂಸದ ಸಾರು) ಸಿಗುತ್ತವೆ. ಮಾಂಸ ತಿನ್ನದವರಾದರೆ ಕಡಂಬುಟ್ಟಿನ ಜೊತೆಗೆ ಕಳಲೆಯ ಬೈಂಬಳೆ ಕರಿ ಇದೆಯೇ ಕೇಳಿ, ಇದು ಅದರದೇ ಕಾಲ. ರಸ್ತೆಬದಿಯಲ್ಲಿ ಕೊಡಗಿನ ಏಲಕ್ಕಿ, ಕೊಡಗಿನ ಜೇನು ಎಂಬ ಫಲಕಗಳ ಕೆಳಗೆ ಮಾರುವುದೆಲ್ಲ ಕೊಡಗಿನದ್ದಲ್ಲ ಎಂಬುದು ನೆನಪಿರಲಿ.

ಬೆಟ್ಟದಳ್ಳಿ, ಸೋಮವಾರಪೇಟೆ:

ಹಳೇ ಸ್ಟೇರಿಂಗ್ ಅಣ್ಣನವರಿಗೆ ಕೊಡಗು ಎಂದರೆ ಮಡಿಕೇರಿ, ಕುಶಾಲನಗರ ಅಷ್ಟೇ. ನಮ್ಮ ಸೋಮವಾರಪೇಟೆ ಕಡೆ ಒಂದು ಬಸ್ಸೂ ಓಡಿಸಲಿಲ್ಲವೆಂದು ಕಾಣುತ್ತದೆ! ಜಲಪಾತವೇ ಬೇಕೆನ್ನುವವರು ಮಲ್ಲಳ್ಳಿಗೆ ಬನ್ನಿ. ಪುಷ್ಪಗಿರಿಯ ಮಗ್ಗುಲಲ್ಲಿ ಕುಮಾರಧಾರಾ ಅರವತ್ತು ಮೀಟರಿಗೂ ಎತ್ತರದಿಂದ ಹಂತ ಹಂತವಾಗಿ ಬೀಳುವ ಜಾಗ ಅದು. ಈ ನೀರು ನಿಮ್ಮ ಕಡೆಗೆ ಬರುವುದಿಲ್ಲ, ಸುಬ್ರಹ್ಮಣ್ಯದ ಮೇಲಿಂದ ಹೋಗಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತದೆ. ಕೆಳಗಿನವರೆಗೆ ಇಳಿಯಲು ಮೆಟ್ಟಿಲು ಬಹಳ ಇವೆ, ಆದರೆ ಇಳಿಯದಿದ್ದರೂ ಮೇಲಿನಿಂದಲೇ ಜಲಪಾತ ಇಡಿಯಾಗಿ ಕಾಣುತ್ತದೆ. ತಂದೆಯವರಿಗೆ ಅಷ್ಟು ಸಾಕು.

ನೀರಿಗೆ ಮಾತ್ರ ಇಳಿಯಬೇಡಿ. ಬಂಡೆಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳಲು ಹೋಗಿ ಜೀವ ಕಳೆದುಕೊಂಡವರಿದ್ದಾರೆ. ಆಮೇಲೆ ಹಗ್ಗ ಹಿಡಿದು ಇಳಿಯುವವರು ನಮ್ಮೂರಿನ ಹುಡುಗರೇ.

ಜಿಗಣೆಗೆ ಉಪ್ಪಿನ ಸಣ್ಣ ಪೊಟ್ಟಣ ಜೇಬಿನಲ್ಲಿರಲಿ. ಕಚ್ಚಿದರೆ ಕಿತ್ತೆಳೆಯಬೇಡಿ, ಉಪ್ಪು ತಾಗಿಸಿ, ತಾನೇ ಬೀಳುತ್ತದೆ. ಮಕ್ಕಳಿಗೆ ಮೊದಲೇ ಹೇಳಿಡಿ. ಕಾರಿನೊಳಗೆ ಕಂಡು ಕಿರುಚಿದರೆ ಓಡಿಸುವವರ ಗತಿ ಏನು?

ಹೂಟಗಳ್ಳಿ:

ಇಬ್ಬರಿಗೂ ಧನ್ಯವಾದ. ಪಟ್ಟಿಯನ್ನು ಹರಿದು ಹಾಕಿದ್ದಾಯಿತು, ಮಕ್ಕಳ ಮುಖ ನೋಡಬೇಕಿತ್ತು. ಆದರೆ ನಿಮ್ಮ ಉತ್ತರಗಳನ್ನು ತಂದೆಯವರಿಗೆ ಓದಿ ಹೇಳಿದಾಗ ಒಂದು ಹೊಸ ಸಮಸ್ಯೆ ಎದ್ದಿತು. ಅವರು ಮಂಡ್ಯದಲ್ಲಿ ನೀರಾವರಿ ಇಲಾಖೆಯಲ್ಲಿದ್ದವರು. ವಿಶ್ವೇಶ್ವರಯ್ಯ ನಾಲೆಯ ಯಾವ ತೂಬಿನಲ್ಲಿ ಎಷ್ಟು ನೀರು ಬಿಡಬೇಕು ಎಂಬುದರಲ್ಲೇ ನೌಕರಿ ಕಳೆದವರು. ಈಗಲೂ ಪತ್ರಿಕೆ ಬಂದರೆ ಮೊದಲು ನೋಡುವುದು ಕನ್ನಂಬಾಡಿಯ ನೀರಿನ ಮಟ್ಟ. "ನೀವೆಲ್ಲ ಎಲ್ಲಿಗಾದರೂ ಹೋಗಿ, ನನಗೆ ತಲಕಾವೇರಿ ಒಂದು ತೋರಿಸಿ" ಎನ್ನುತ್ತಿದ್ದಾರೆ. ಇಷ್ಟು ವರ್ಷ ಒಮ್ಮೆಯೂ ಹೋಗಿಲ್ಲವಂತೆ. ನಮಗಾರಿಗೂ ಇದು ಗೊತ್ತಿರಲಿಲ್ಲ. ಆಗಸ್ಟ್‌ನಲ್ಲಿ ಅಲ್ಲಿಗೆ ಕರೆದೊಯ್ಯುವುದು ಸರಿಯೇ?

ಹಳೇ ಸ್ಟೇರಿಂಗ್, ನಾಪೋಕ್ಲು:

ಇದನ್ನು ಮೊದಲೇ ಬರೆದಿದ್ದರೆ ನಾನು ಚಿಕ್ಲಿಹೊಳೆಯ ಪುರಾಣವನ್ನೇ ತೆಗೆಯುತ್ತಿರಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ತಲಕಾವೇರಿಗೆ ಒಳ್ಳೆಯ ಕಾಲ ಅಕ್ಟೋಬರ್ ಕೊನೆ, ನವೆಂಬರ್. ಅಕ್ಟೋಬರ್ 17ರ ಸುಮಾರಿಗೆ ತುಲಾ ಸಂಕ್ರಮಣ, ಅಂದು ತೀರ್ಥೋದ್ಭವ, ಅಂದರೆ ಕಾವೇರಿಯ ಮೂಲದಲ್ಲಿ ತೀರ್ಥ ಉಕ್ಕುವ ಹಬ್ಬ, ಆ ಜನಜಾತ್ರೆಯಲ್ಲಿ ಮಂಡಿ ನೋವಿನವರು ಬೇಡ. ಅಲ್ಲಿಂದ ಒಂದು ತಿಂಗಳು, ಕಿರುಸಂಕ್ರಮಣದವರೆಗೆ, ತೀರ್ಥಸ್ನಾನಕ್ಕೆ ಬರುವವರು ಬರುತ್ತಲೇ ಇರುತ್ತಾರೆ. ವಾರದ ನಡುವಿನ ದಿನಗಳಲ್ಲಿ ಬಂದರೆ ನೂಕುನುಗ್ಗಲಿಲ್ಲ. ಮಳೆ ತೊಳೆದ ಬೆಟ್ಟ ಹಸಿರಾಗಿ ದೂರದವರೆಗೆ ಕಾಣುತ್ತದೆ. ಆದರೆ ಎಪ್ಪತ್ಮೂರು ದಾಟಿದವರಿಗೆ ಇನ್ನೂ ಮೂರು ತಿಂಗಳು ಕಾಯಿರಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅವರನ್ನೇ ಕೇಳಿ. ಕಾಯುತ್ತೇನೆ ಎಂದರೆ ನವೆಂಬರ್. ಇಲ್ಲ ಎಂದರೆ ಆಗಸ್ಟ್ 3ಕ್ಕೇ ಹೊರಡಿ, ಶಾಲೆಯ ರಜೆಯ ನಿಯಮ ಮಾತ್ರ ತಪ್ಪಬಾರದು.

ಹೊರಡುವುದಾದರೆ ಬೆಳಗಿನ ಜಾವ ಐದಕ್ಕೇ ಹೊರಡಿ, ದಾರಿಯಲ್ಲಿ ಕಾಫಿ, ತಿಂಡಿ ಬಿಟ್ಟು ಬೇರೆ ಯಾವುದಕ್ಕೂ ನಿಲ್ಲಬೇಡಿ. ಕುಶಾಲನಗರ ಬಿಟ್ಟ ಮೇಲೆ ಆನೆಕಾಡು ಬರುತ್ತದೆ, ಹೆಸರಿಗೆ ತಕ್ಕ ಹಾಗೆ ಆನೆ ದಾಟುವ ಜಾಗ, ಅಲ್ಲಿ ಕಾರು ನಿಲ್ಲಿಸಿ ಕೆಳಗಿಳಿಯಕೂಡದು. ಸುಂಟಿಕೊಪ್ಪದ ನಂತರ ತಿರುವುಗಳು ಶುರು. ಮಂಜಿನಲ್ಲಿ ದೀಪವನ್ನು ಎತ್ತರಕ್ಕೆ ಹಾಕಿದರೆ ಎದುರು ಬಿಳಿ ಗೋಡೆ ನಿಲ್ಲುತ್ತದೆ, ಆದ್ದರಿಂದ ಕೆಳದೀಪವೇ ಇರಲಿ. ಮೇಲೇರುವ ವಾಹನಕ್ಕೆ ದಾರಿ ಬಿಡಬೇಕು, ತಿರುವಿನಲ್ಲಿ ಹಾರ್ನ್ ಮಾಡಲು ನಾಚಿಕೆ ಬೇಡ. ನಾವು ಬಸ್ಸಿನವರು ಹಾರ್ನ್ ಮಾಡುವುದು ಸೊಕ್ಕಿನಿಂದ ಅಲ್ಲ, ಕಾಣದವನಿಗೆ ಕೇಳಲಿ ಎಂದು. ಹಿಂದೆ ಬಸ್ಸು ಬಂದರೆ ಎಡಕ್ಕೆ ಸರಿದು ಬಿಟ್ಟುಕೊಡಿ, ಅದರ ಹಿಂದೆ ಹೋಗುವುದು ನಿಮ್ಮ ಯಜಮಾನರಿಗೇ ಕ್ಷೇಮ.

ಮೊದಲು ಭಾಗಮಂಡಲ. ಅಲ್ಲಿ ಕಾವೇರಿ, ಕನ್ನಿಕೆ, ಕಣ್ಣಿಗೆ ಕಾಣದ ಸುಜ್ಯೋತಿ ಕೂಡುತ್ತವೆ. ಭಗಂಡೇಶ್ವರನಿಗೆ ಕೈ ಮುಗಿದು ಆಮೇಲೆ ಮೇಲಕ್ಕೆ ಹೋಗುವುದು ನಮ್ಮ ಪದ್ಧತಿ. ಹಿಂದೆ ಜೋರು ಮಳೆ ಬಂದರೆ ಸಂಗಮದ ನೀರು ರಸ್ತೆಗೇ ಏರಿ, ನಾಪೋಕ್ಲು ಕಡೆಗೂ ತಲಕಾವೇರಿ ಕಡೆಗೂ ದಾರಿ ಕಡಿದುಹೋಗುತ್ತಿತ್ತು, ನನ್ನ ಬಸ್ಸು ಅಲ್ಲೇ ನಿಂತುಬಿಡುತ್ತಿತ್ತು. ಈಗ ಮೇಲ್ಸೇತುವೆ ಇದೆ. ಹೊಳೆ ತುಂಬಿದ್ದರೆ ಸ್ನಾನದ ಮಾತು ಬೇಡ, ದಡದಲ್ಲಿ ತಲೆಗೆ ನೀರು ಚಿಮುಕಿಸಿಕೊಂಡರೆ ಸಾಕು.

ಅಲ್ಲಿಂದ ಎಂಟು ಕಿಲೋಮೀಟರ್ ಏರಿದರೆ ತಲಕಾವೇರಿ, ಸಮುದ್ರಮಟ್ಟದಿಂದ 1276 ಮೀಟರ್. ಕಮಾನಿನಿಂದ ಮೇಲಕ್ಕೆ ಮೆಟ್ಟಿಲುಗಳಿವೆ. ಅವಸರ ಮಾಡಬೇಡಿ, ಮಗ ಒಂದು ಪಕ್ಕ, ಯಜಮಾನರು ಒಂದು ಪಕ್ಕ ಇರಲಿ. ಕೊಡೆ ತರಬೇಡಿ, ಅಲ್ಲಿನ ಗಾಳಿಗೆ ಅದು ಕ್ಷಣದಲ್ಲಿ ಬುಡಮೇಲಾಗುತ್ತದೆ, ಎಲ್ಲರಿಗೂ ರೇನ್‌ಕೋಟ್ ಇರಲಿ. ತಂದೆಯವರಿಗೆ ಒಂದು ವಿಷಯ ಮೊದಲೇ ತಿಳಿಸಿ: ಕಾವೇರಿ ಹುಟ್ಟುವ ಕುಂಡಿಕೆ ಬಹಳ ಚಿಕ್ಕದು, ಮುಂದೆ ಒಂದು ಕಲ್ಯಾಣಿ, ಅಷ್ಟೇ. ಕನ್ನಂಬಾಡಿ ನೋಡಿದ ಕಣ್ಣಿಗೆ ಇಷ್ಟೇನಾ ಎನಿಸೀತು. ನಾಲೆಯಲ್ಲಿ ನೀರು ಅಳೆದವರಿಗೆ ಹಾಗೆ ಅನಿಸಲಿಕ್ಕಿಲ್ಲ ಎಂದು ನನ್ನ ಊಹೆ. ಪಕ್ಕದ ಬ್ರಹ್ಮಗಿರಿಯನ್ನು ಹತ್ತುವ ಯೋಚನೆ ಬೇಡ. 2020ರ ಆಗಸ್ಟ್‌ನಲ್ಲಿ ಅಲ್ಲಿಯ ಬೆಟ್ಟ ಕುಸಿದು ದೇವಸ್ಥಾನದ ಅರ್ಚಕರ ಮನೆಯನ್ನೇ, ಮನೆಮಂದಿ ಸಮೇತ, ಹೊತ್ತುಕೊಂಡು ಹೋಯಿತು.

ಹಿಂದಿರುಗುವಾಗ ಹೊತ್ತಿದ್ದರೆ ಕುಶಾಲನಗರದ ಹತ್ತಿರ ಕೂಡಿಗೆಗೆ ಹೋಗಿ. ಹಾರಂಗಿ ಬಂದು ಕಾವೇರಿಗೆ ಸೇರುವ ಜಾಗ. ಬೆಳಿಗ್ಗೆ ಕುಂಡಿಕೆ ಕಂಡವರು ಅದೇ ಸಂಜೆ ಅಲ್ಲಿ ಹೊಳೆಯ ಅಗಲ ನೋಡಬೇಕು. ಪ್ರವಾಸಿಗರ ಪಟ್ಟಿಯಲ್ಲಿ ಅದು ಇರುವುದಿಲ್ಲ, ನಿಮ್ಮ ತಂದೆಯವರ ಪಟ್ಟಿಯಲ್ಲಿ ಇರಬೇಕಾದದ್ದು. ಇರ್ಪಿನ ವಿಷಯವನ್ನೂ ಅವರಿಗೆ ಹೇಳಿ, ಸಂತೋಷಪಡುತ್ತಾರೆ: ಆ ಜಲಪಾತ ಲಕ್ಷ್ಮಣತೀರ್ಥ ನದಿಯದ್ದು, ಅದರ ನೀರೂ ಕೊನೆಗೆ ಬಂದು ಸೇರುವುದು ಕನ್ನಂಬಾಡಿಗೇ. ಅದೇ ಬೆಟ್ಟಸಾಲಿನ ಆಚೆ ಬದಿಗೆ ಬಿದ್ದ ಮಳೆ ಬರಪೊಳೆಯಾಗಿ ಕೇರಳಕ್ಕೆ ಹೋಗಿ ಅರಬ್ಬಿ ಸಮುದ್ರ ಸೇರುತ್ತದೆ.

ಮಗನಿಗೆ ಬೇಸರವಾಗುತ್ತದೆ, ಬಲ್ಲೆ. ಅವನನ್ನು ಡಿಸೆಂಬರ್ ಅಥವಾ ಜನವರಿಯಲ್ಲಿ ಕಕ್ಕಬೆಗೆ ಕರೆತನ್ನಿ. ತಡಿಯಂಡಮೋಳು 1748 ಮೀಟರ್, ಕೊಡಗಿನ ಅತಿ ಎತ್ತರದ ಶಿಖರ. ಚಾರಣಕ್ಕೆ ಅರಣ್ಯ ಇಲಾಖೆಯಲ್ಲಿ ಮುಂಗಡವಾಗಿ ಆನ್‌ಲೈನ್ ಟಿಕೆಟ್ ಮಾಡಿಸಬೇಕು. ಬೆಟ್ಟದ ಬುಡದಲ್ಲೇ ನಾಲ್ಕುನಾಡು ಅರಮನೆ ಇದೆ, ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಲು ಹಿಡಿದದ್ದು. 1834ರಲ್ಲಿ ಇಂಗ್ಲಿಷರ ಸೈನ್ಯ ಬಂದಾಗ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಹೋಗಿ ಕೂತದ್ದು ಅಲ್ಲೇ. ತಂದೆಯವರು ಅರಮನೆಯ ಜಗಲಿಯಲ್ಲಿ ಕೂತಿರಲಿ, ಮಗ ಬೆಟ್ಟ ಹತ್ತಿ ಬರಲಿ.

ಹೊಳೆದಂಡೆ, ನಂಜರಾಯಪಟ್ಟಣ:

ರಾಫ್ಟಿಂಗ್ ಬಗ್ಗೆ ಯಾರೂ ಬರೆಯಲಿಲ್ಲ, ಆ ಕೆಲಸ ಬಲ್ಲವನಾದ್ದರಿಂದ ನಾಲ್ಕು ಮಾತು. ದುಬಾರೆಯಲ್ಲಿ ನಡೆಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಹೊಳೆಯಲ್ಲಿ ನೀರಿರುವಾಗ. ನೀರು ಮಿತಿಮೀರಿದರೆ ಆಡಳಿತವೇ ನಿಲ್ಲಿಸುತ್ತದೆ. ಬರುವ ಮುನ್ನ ಫೋನ್ ಮಾಡಿ ಕೇಳಿ. ನಿಮ್ಮ ಮಗನಿಗೆ ಇಲ್ಲಿನದು ಸರಿಹೋಗುತ್ತದೆ. ಬರಪೊಳೆಯ ರಭಸ ಬೇರೆ, ಅದಕ್ಕೆ ಅವನು ಇನ್ನೂ ಬೆಳೆಯಲಿ. ಮಗಳನ್ನು ಹತ್ತಿಸಿಕೊಳ್ಳುವುದು ಅನುಮಾನ, ಯಾರಾದರೂ ಪರವಾಗಿಲ್ಲ ಬನ್ನಿ ಎಂದರೆ ಅಂಥವರ ರಾಫ್ಟ್ ನಿಮಗೂ ಬೇಡ. ಜಾಕೆಟ್ಟಿನ ಎಲ್ಲ ಪಟ್ಟಿಗಳನ್ನೂ ಬಿಗಿದು, ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ. ಕಿವಿಯವರೆಗೆ ಬಂದರೆ ಅದು ಅವನ ಅಳತೆಯದಲ್ಲ, ಬದಲಾಯಿಸಿ ಕೊಡಿ ಎಂದು ಹಟ ಹಿಡಿಯಿರಿ.

ಸುಂಟಿಕೊಪ್ಪದ ಅತ್ತೆ:

ಇಷ್ಟೆಲ್ಲ ಬರೆದಿರಿ, ಆಗಸ್ಟ್ 3 ಯಾವ ದಿನವೆಂದು ಒಬ್ಬರೂ ಹೇಳಲಿಲ್ಲವಲ್ಲ! ಅಂದು ಕಕ್ಕಡ ಹದಿನೆಂಟು. ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಅಂದು ಕೂಡುತ್ತದೆ ಎನ್ನುವುದು ನಮ್ಮಲ್ಲಿನ ನಂಬಿಕೆ. ಸೊಪ್ಪನ್ನು ಕುದಿಸಿದರೆ ನೀರು ಕಡುನೇರಳೆ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಸೋಸಿ, ಅದರಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಕಾಯಿ ಹಾಕಿ ಪಾಯಸ ಮಾಡುತ್ತೇವೆ. ಹಿಂದಿನ ದಿನದಿಂದಲೇ ಮಾರುಕಟ್ಟೆಯಲ್ಲಿ ಸೊಪ್ಪಿನ ಕಟ್ಟು ಮಾರಾಟಕ್ಕಿರುತ್ತದೆ. ದಾರಿಯಲ್ಲಿ ಎಲ್ಲಿಯಾದರೂ ಕೊಂಡು ಮನೆಗೆ ಒಯ್ಯಿರಿ, ಘಮಕ್ಕೇ ಕಾರು ತುಂಬುತ್ತದೆ.

ಹೂಟಗಳ್ಳಿ:

ಅತ್ತೆ, ತಂದೆಯವರಿಗೆ ಸಕ್ಕರೆ ಕಾಯಿಲೆ ಇದೆ. ಆದರೂ ಪಾಯಸ ಎಂದ ಕೂಡಲೇ ಕಿವಿ ನೆಟ್ಟಗಾಯಿತು. ಅಂದ ಹಾಗೆ ಹೊರಡುವುದು ಆಗಸ್ಟ್ 3ಕ್ಕೇ ಎಂದು ಅವರೇ ತೀರ್ಪು ಕೊಟ್ಟಿದ್ದಾರೆ. ರಾಫ್ಟಿಂಗ್ ಸೆಪ್ಟೆಂಬರ್‌ನಲ್ಲಿ ಎಂದು ಮಗನನ್ನು ಒಪ್ಪಿಸಿದ್ದೇನೆ.

ಸುಂಟಿಕೊಪ್ಪದ ಅತ್ತೆ:

ಹಾಗಾದರೆ ಅವರಿಗೆ ಎರಡು ಚಮಚ ಮಾತ್ರ, ಉಳಿದದ್ದನ್ನು ನೀವು ತಿನ್ನಿ. ಇನ್ನೊಂದು ಮಾತು, ತಪ್ಪು ತಿಳಿಯಬೇಡಿ: ಸೋಮವಾರ ಬೆಳಿಗ್ಗೆ ಎಲ್ಲರಿಗೂ ಮೂತ್ರ ಕೆಂಪಗೆ ಹೋಗುತ್ತದೆ. ಅದು ಸೊಪ್ಪಿನ ಬಣ್ಣ. ಗಾಬರಿಯಾಗಿ ಮಕ್ಕಳನ್ನು ಆಸ್ಪತ್ರೆಗೆ ಹೊತ್ತುಕೊಂಡು ಓಡಬೇಡಿ.